ಬರಕ್ಕೆ ಸಹಿ ಹಾಕುವವರು ಯಾರು?

2023ರ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳೂ ಆ ಪಟ್ಟಿಯಲ್ಲಿದ್ದವು. ಶೇಂಗಾ ಹೂವಿಗೆ ಬಂದ ಹೊತ್ತಿನಲ್ಲಿ ಮಳೆ ಹೋದರೆ ಗಿಡ ನಿಂತೀತು, ಕಾಯಿ ಕಟ್ಟದು. ಬೀಜ ಗೊಬ್ಬರಕ್ಕೆ ತಂದ ಸಾಲ ಮಾತ್ರ ಬಡ್ಡಿ ಸಮೇತ ಬೆಳೆಯುತ್ತದೆ.

ರಾಜ್ಯ ಕೇಂದ್ರವನ್ನು ಕೇಳಿದ್ದು 18,171 ಕೋಟಿ ರೂಪಾಯಿ. ಸುಪ್ರೀಂ ಕೋರ್ಟಿಗೆ ಹೋದ ಮೇಲೆ, 2024ರ ಏಪ್ರಿಲ್ ಕೊನೆಗೆ ಬಂದದ್ದು ಸುಮಾರು 3,454 ಕೋಟಿ. ವರದಿ ತಡವಾಯಿತೆಂದು ದೆಹಲಿ ದೂರಿತು, ಹಣ ತಡೆದರೆಂದು ಬೆಂಗಳೂರು ದೂರಿತು. ಮಳೆಯಾಶ್ರಿತ ಬೆಳೆಗೆ ಆಗ ಇದ್ದ ಪರಿಹಾರ ಹೆಕ್ಟೇರಿಗೆ 8,500 ರೂಪಾಯಿ, ಅದೂ 2 ಹೆಕ್ಟೇರಿಗಷ್ಟೇ. ಎಕರೆಗೆ ಮೂರೂವರೆ ಸಾವಿರವೂ ಆಗದ ಈ ದುಡ್ಡಿಗಾಗಿ ರೈತ ಮುಂದಿನ ಬಿತ್ತನೆಯವರೆಗೂ ಕಾಯಬೇಕಾಯಿತು. ಈ ವಿಳಂಬಕ್ಕೆ ಒಬ್ಬರಾದರೂ ಹೊಣೆ ಹೊರಬೇಡವೇ?

ಬರವೂ ವಿಪತ್ತೇ ಎಂದು ಸುಪ್ರೀಂ ಕೋರ್ಟ್ 2016ರ ಮೇ 11ರಂದು ಸ್ವರಾಜ್ ಅಭಿಯಾನ್ ಪ್ರಕರಣದಲ್ಲಿ ಹೇಳಿಯಾಗಿದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪಾವಗಡದ ಒಣ ಹೊಲಕ್ಕೂ ಸೇರಿದ್ದು. ವಹಿಸಿದ ಕರ್ತವ್ಯವನ್ನು ಸಕಾರಣವಿಲ್ಲದೆ ಕೈಬಿಟ್ಟ ಅಧಿಕಾರಿಗೆ 56ನೇ ಸೆಕ್ಷನ್ ಒಂದು ವರ್ಷದವರೆಗೆ ಜೈಲು ಹೇಳುತ್ತದೆ. ಪರಿಹಾರದ ಹಣ, ಸಾಮಗ್ರಿ ನುಂಗಿದವರಿಗೆ 53ನೇ ಸೆಕ್ಷನ್ ಎರಡು ವರ್ಷದವರೆಗೆ. ಆದರೆ 59ನೇ ಸೆಕ್ಷನ್ ಪ್ರಕಾರ, ಸರ್ಕಾರದ ಪೂರ್ವಾನುಮತಿಯಿಲ್ಲದೆ 56ರಡಿ ಮೊಕದ್ದಮೆ ಹೂಡುವಂತಿಲ್ಲ. ತನ್ನವರ ತಪ್ಪನ್ನು ಸರ್ಕಾರವೇ ತೂಗಬೇಕು! ಇದು ಅನ್ಯಾಯ, ನಮ್ಮ ಶಾಸಕರು, ಸಂಸದರು ಇದನ್ನು ಸದನದಲ್ಲಿ ಎತ್ತಲೇಬೇಕು.

ಜಿಲ್ಲಾಧಿಕಾರಿಗಳೇ, ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು ನೀವು. ಪ್ರತಿ ವರ್ಷ ಪರಿಷ್ಕರಿಸಬೇಕಾದ ಜಿಲ್ಲಾ ಯೋಜನೆಯನ್ನು ಪಂಚಾಯಿತಿ ಗೋಡೆಗೆ ಹಚ್ಚಿಸಿ. ತಹಶೀಲ್ದಾರರೇ, ಬೆಳೆ ಸಮೀಕ್ಷೆಗೆ ಹೊಲಕ್ಕಿಳಿದವರು ಯಾರು, ಯಾವ ದಿನ, ಯಾವ ಸರ್ವೆ ನಂಬರಿಗೆ ಎಂಬುದನ್ನು ಹೆಸರು ಸಮೇತ ಬರೆಸಿ. ನಿಯತ್ತಿನಿಂದ ಬಿಸಿಲಲ್ಲಿ ತಿರುಗಿದ ಗ್ರಾಮ ಆಡಳಿತಾಧಿಕಾರಿಗೆ ಇದರಿಂದ ಭಯವಿಲ್ಲ. ಅಂಥವರನ್ನು ನಾವು ನೋಡಿದ್ದೇವೆ.

ನಾಲ್ಕೂ ತಾಲ್ಲೂಕಿನ ಅಣ್ಣಂದಿರೇ, ಅಕ್ಕಂದಿರೇ, ಮುಂದಿನ ಗ್ರಾಮಸಭೆಗೆ ಮನೆಗೊಬ್ಬರು ಬನ್ನಿ. ನೀರಿನ ಟ್ಯಾಂಕರ್ ಎಷ್ಟು ಲೋಡು ಬಂತು, ಯಾವ ಕೊಳವೆಬಾವಿಯಿಂದ ತುಂಬಿಸಿದರು, ಫ್ಲೋರೈಡ್ ಪರೀಕ್ಷೆ ಆಯಿತೇ, ಬಿಲ್ಲಿಗೆ ಸಹಿ ಯಾರದು ಎಂದು ಕೇಳಿ. ಉತ್ತರ ಸಿಗದಿದ್ದರೆ ಅಲ್ಲೇ ಕುಳಿತು ಮಾಹಿತಿ ಹಕ್ಕಿನ ಅರ್ಜಿ ಬರೆಯಿರಿ. ಕೇಳಿದ ಪ್ರತಿ ಪ್ರಶ್ನೆಯೂ ನಡಾವಳಿ ಪುಸ್ತಕ ಸೇರಲಿ. ಉತ್ತರಿಸಿದ ಅಧಿಕಾರಿಯ ಸಹಿ ಬೀಳುವ ತನಕ ಯಾರೂ ಏಳಬೇಡಿ.