ಪರಿಹಾರ ಕಾರ್ಯಕರ್ತರ ತಂಡ ಶಿಬಿರ: ಹರದನಹಳ್ಳಿಯ ಹಕ್ಕೊತ್ತಾಯ ಪತ್ರ

ಇವರಿಗೆ:
ಅಧ್ಯಕ್ಷರು, ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ, ಚಾಮರಾಜನಗರ;
ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳಲ್ಲಿ ಪರಿಹಾರ ಕಾರ್ಯ ನಡೆಸುವ ಎಲ್ಲ ಸಂಸ್ಥೆಗಳ ಆಡಳಿತ ಮಂಡಳಿಗಳು.

ಇವರಿಂದ:
ಎರಡೂ ತಾಲ್ಲೂಕುಗಳ ಆಶಾ, ಅಂಗನವಾಡಿ, ಆಂಬ್ಯುಲೆನ್ಸ್ ಹಾಗೂ ಸ್ವಯಂಸೇವಾ ಸಂಸ್ಥೆಗಳ ಕ್ಷೇತ್ರ ಕಾರ್ಯಕರ್ತರು.

ವಿಷಯ: ತಂಡ ಕಟ್ಟುವ ವಸತಿ ಶಿಬಿರವನ್ನು ಕರ್ತವ್ಯದ ಭಾಗವೆಂದು ಒಪ್ಪಿ, ವೇತನ, ಗೌರವ ಮತ್ತು ಲಿಖಿತ ಉತ್ತರದಾಯಿತ್ವದೊಂದಿಗೆ ನಡೆಸುವ ಬಗ್ಗೆ.

ಮಾನ್ಯರೇ,

2018ರ ಡಿಸೆಂಬರ್ 14ರಂದು ನಮ್ಮ ಜಿಲ್ಲೆಯ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದು 17 ಮಂದಿ ಸತ್ತರು. ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. 2021ರ ಮೇ 2 ಮತ್ತು 3ರ ನಡುವೆ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯಾದ ಹೊತ್ತಿನಲ್ಲಿ 24 ರೋಗಿಗಳು ಸತ್ತರು. 2024ರ ಜುಲೈ 30ರ ನಸುಕಿನಲ್ಲಿ ಗಡಿಯಾಚೆ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಕುಸಿದಾಗ ಸತ್ತವರಲ್ಲಿ ಈ ಜಿಲ್ಲೆಯ ಮೂಲದವರೂ ಇದ್ದರು. ಇಂಥ ಪ್ರತಿ ಸಲವೂ ಸತ್ತವರ ಲೆಕ್ಕವಾಗುತ್ತದೆ, ಪರಿಹಾರದ ಘೋಷಣೆಯಾಗುತ್ತದೆ, ತನಿಖೆಗೆ ಆದೇಶವಾಗುತ್ತದೆ. ಮನೆಮನೆಗೆ ಕೆಟ್ಟ ಸುದ್ದಿ ಮುಟ್ಟಿಸಿದವರು, ರೋಗಿಗಳನ್ನು ಹೊತ್ತವರು, ಅನಾಥರಾದ ಮಕ್ಕಳಿಗೆ ಊಟ ಹಾಕಿದವರು ಮಾರನೆಯ ದಿನ ಹೇಗಿದ್ದಾರೆ ಎಂದು ಕೇಳುವ ಕಾಲಂ ಯಾವ ನಮೂನೆಯಲ್ಲೂ ಇಲ್ಲ.

2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗಿನಿಂದ ಸಾವಿರ ಜನಕ್ಕೆ ಒಬ್ಬರಂತೆ ಆಶಾ ಕಾರ್ಯಕರ್ತೆಯರು ಹಳ್ಳಿಯ ಆರೋಗ್ಯವನ್ನು ಹೊತ್ತಿದ್ದಾರೆ. 2013ರಲ್ಲಿ 45ನೇ ಭಾರತೀಯ ಕಾರ್ಮಿಕ ಸಮ್ಮೇಳನವು ಯೋಜನಾ ಕಾರ್ಯಕರ್ತರನ್ನು ಕಾರ್ಮಿಕರೆಂದು ಗುರುತಿಸಬೇಕೆಂದು ಶಿಫಾರಸು ಮಾಡಿತು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಟ್ಟಿತು. ಪ್ರಶಸ್ತಿ ಬಂದರೂ ಕಾಗದದಲ್ಲಿ ಅವರು ಸ್ವಯಂಸೇವಕಿಯರಾಗಿಯೇ ಉಳಿದಿದ್ದಾರೆ.

ಇಂಥವರ ಒಗ್ಗಟ್ಟಿಗೆಂದು ನಡೆಯುವ ಶಿಬಿರಗಳ ಗತಿಯೂ ಬೇರೆಯಲ್ಲ. ಉದ್ಘಾಟನೆಗೆ ಅರ್ಧ ದಿನ, ಟಾರ್ಗೆಟ್ ಓದಿ ಹೇಳಲು ಅರ್ಧ ದಿನ, ನಡುವೆ ಬಲೂನು ಒಡೆಯುವ ಆಟ, ಕೊನೆಗೆ ಬ್ಯಾನರ್ ಹಿಡಿದು ಒಂದು ಫೋಟೊ. ಸಂಬಳ ತಡವಾಗಿದ್ದರಿಂದ, ಒಬ್ಬರ ಮೇಲೆ ಮೂವರ ಕೆಲಸ ಬಿದ್ದಿದ್ದರಿಂದ, ಮೇಲ್ವಿಚಾರಕರು ನಾಲ್ಕು ಜನರ ಎದುರು ಗದರಿದ್ದರಿಂದ ಒಡೆದ ತಂಡವನ್ನು ಆಟ ಆಡಿಸಿ ಜೋಡಿಸಲಾಗದು. ತಂಡ ಒಡೆದ ಕಾರಣವನ್ನು ಹೇಳುವ ಅವಕಾಶ ನಮಗಿರಬೇಕು, ಅದನ್ನು ಸರಿಪಡಿಸುವ ಹೊಣೆ ನಿಮ್ಮದಾಗಬೇಕು.

ಆ ಹೊಣೆ ಕಾನೂನಿನಲ್ಲಿಯೇ ಇದೆ. ವಿಪತ್ತು ನಿರ್ವಹಣಾ ಕಾಯ್ದೆ 2005ರ ಕಲಂ 30, ಜಿಲ್ಲೆಯ ಅಧಿಕಾರಿಗಳು, ನೌಕರರು ಮತ್ತು ಸ್ವಯಂಪ್ರೇರಿತ ರಕ್ಷಣಾ ಕಾರ್ಯಕರ್ತರ ತರಬೇತಿಯನ್ನು ಜಿಲ್ಲಾ ಪ್ರಾಧಿಕಾರಕ್ಕೆ ವಹಿಸಿದೆ. ತುರ್ತು ಸಂದರ್ಭಗಳ ಮಾನಸಿಕ ಆರೋಗ್ಯ ಕುರಿತು ವಿಶ್ವಸಂಸ್ಥೆಯ ಅಂತರ ಸಂಸ್ಥಾ ಸ್ಥಾಯಿ ಸಮಿತಿ 2007ರಲ್ಲಿ ಹೊರಡಿಸಿದ ಮಾರ್ಗಸೂಚಿ, ಸಿಬ್ಬಂದಿ ಮತ್ತು ಸ್ವಯಂಸೇವಕರ ಮನಸ್ಸಿನ ಆರೈಕೆಯನ್ನು ಪರಿಹಾರ ಸಂಸ್ಥೆಗಳ ಕರ್ತವ್ಯವೆಂದೇ ಎಣಿಸುತ್ತದೆ. ಆದ್ದರಿಂದ ನಮಗೆ ಸಲ್ಲಬೇಕಾದುದನ್ನು ಕೆಳಗೆ ಒಂದೊಂದಾಗಿ ಮಂಡಿಸುತ್ತಿದ್ದೇವೆ.

ದಿನ ಮತ್ತು ವೇತನ

1. ಶಿಬಿರದ ಪ್ರತಿ ದಿನವನ್ನೂ, ಹೋಗಿಬರುವ ಸಮಯವನ್ನೂ ಸೇರಿಸಿ, ಕರ್ತವ್ಯದ ದಿನವೆಂದು ಹಾಜರಾತಿ ಪುಸ್ತಕದಲ್ಲಿ ದಾಖಲಿಸಬೇಕು.

2. ಮಾಡಿದ ಕೆಲಸದ ಲೆಕ್ಕದಲ್ಲಿ ಪ್ರೋತ್ಸಾಹಧನ ಪಡೆಯುವ ಆಶಾ ಕಾರ್ಯಕರ್ತೆಯರಿಗೆ ಶಿಬಿರದ ದಿನಗಳಲ್ಲಿ ಕೈತಪ್ಪುವ ಹಣವನ್ನು ಹಿಂದಿನ ಮೂರು ತಿಂಗಳ ಸರಾಸರಿಯಂತೆ ತುಂಬಿಕೊಡಬೇಕು.

3. ಶಕ್ತಿ ಯೋಜನೆಯಲ್ಲಿ ಬಸ್ ಉಚಿತವಾಗಿದೆ ಎಂಬ ನೆಪದಲ್ಲಿ ಮಹಿಳೆಯರ ಪ್ರಯಾಣ ಭತ್ಯೆ ಕಡಿಯದೆ, ಊರಿನಿಂದ ಬಸ್ ನಿಲ್ದಾಣದವರೆಗಿನ ಆಟೊ ಬಾಡಿಗೆಯನ್ನೂ ಸೇರಿಸಿ ಶಿಬಿರದ ಮೊದಲ ದಿನವೇ ಕೊಡಬೇಕು.

4. ಭಾನುವಾರ, ಊರಹಬ್ಬ ಮತ್ತು ಆಷಾಢದ ಚಾಮರಾಜೇಶ್ವರ ರಥೋತ್ಸವದ ದಿನಗಳಲ್ಲಿ ಶಿಬಿರ ಇಡಬಾರದು, ಇಟ್ಟರೆ ಅದೇ ತಿಂಗಳೊಳಗೆ ಬದಲಿ ರಜೆ ಕೊಡಬೇಕು.

5. ಶಿಬಿರ ನಡೆಯುವಾಗ ಹಳ್ಳಿಯ ಕೆಲಸಕ್ಕೆ ಬದಲಿ ಸಿಬ್ಬಂದಿಯನ್ನು ಮೊದಲೇ ಗೊತ್ತುಮಾಡಬೇಕು ಮತ್ತು ಶಿಬಿರದಲ್ಲಿರುವವರಿಗೆ ಫೋನು ಮಾಡಿ ವರದಿ ಕೇಳುವುದನ್ನು ಲಿಖಿತವಾಗಿ ನಿಷೇಧಿಸಬೇಕು.

6. ಶಿಬಿರವನ್ನು ವಿಶ್ರಾಂತಿಯ ಲೆಕ್ಕಕ್ಕೆ ಜಮೆ ಮಾಡದೆ, ಪ್ರತಿ ವಿಪತ್ತು ಕರ್ತವ್ಯದ ನಂತರ ಕನಿಷ್ಠ ಎರಡು ದಿನ ವೇತನ ಸಹಿತ ರಜೆಯನ್ನು ಪ್ರತ್ಯೇಕವಾಗಿ ಕೊಡಬೇಕು.

ಸ್ಥಳ, ಊಟ, ಸುರಕ್ಷತೆ

7. ಕೃಷಿ ವಿಜ್ಞಾನ ಕೇಂದ್ರವಿರುವ ಹರದನಹಳ್ಳಿ ರೈತರ ತರಬೇತಿಗೆ ಸಾಕಾಗಿರುವಾಗ ನಮ್ಮ ಶಿಬಿರವನ್ನೂ ಇಲ್ಲೇ ನಡೆಸಿ, ಕಾಡಂಚಿನ ರೆಸಾರ್ಟಿಗೆ ಸುರಿಯುವ ಹಣವನ್ನು ಕಾರ್ಯಕರ್ತರ ಭತ್ಯೆಗೆ ಬಳಸಬೇಕು.

8. ರಾತ್ರಿ ಉಳಿಯಲಾಗದವರು, ಅದರಲ್ಲೂ ಬಂಡೀಪುರದ ಅಂಚಿನ ಹಳ್ಳಿಗಳವರು, ಆನೆ ರಸ್ತೆಗಿಳಿಯುವ ಮುನ್ನ ಮನೆ ಸೇರುವಂತೆ ಅವರ ದಿನದ ಕಲಾಪವನ್ನು ಮಧ್ಯಾಹ್ನ 3 ಗಂಟೆಗೆ ಮುಗಿಸಿ ವಾಹನ ಒದಗಿಸಬೇಕು.

9. ಮಹಿಳೆಯರಿಗೆ ಒಳಗಿನಿಂದ ಚಿಲಕವಿರುವ ಕೊಠಡಿ, ನೀರಿರುವ ಶೌಚಾಲಯ, ಮುಟ್ಟಿನ ದಿನಗಳಿಗೆ ಬೇಕಾದ ವ್ಯವಸ್ಥೆ ಮತ್ತು ಅಂಗವಿಕಲರಿಗೆ ಇಳಿಜಾರು ದಾರಿ ಇರುವುದನ್ನು ಶಿಬಿರಕ್ಕೆ ಮುನ್ನ ಕಾರ್ಯಕರ್ತರ ಪ್ರತಿನಿಧಿಗಳೇ ಪರಿಶೀಲಿಸಿ ಸಹಿ ಹಾಕಬೇಕು.

10. ಆರು ವರ್ಷದೊಳಗಿನ ಮಕ್ಕಳಿರುವ ತಾಯಂದಿರು ಶಿಬಿರದಿಂದ ವಂಚಿತರಾಗದಂತೆ ಸ್ಥಳದಲ್ಲೇ ಮಕ್ಕಳನ್ನು ನೋಡಿಕೊಳ್ಳುವವರನ್ನು ಸಂಬಳ ಕೊಟ್ಟು ನೇಮಿಸಬೇಕು.

11. ತೋಂಟದ ಸಿದ್ಧಲಿಂಗ ಯತಿಗಳು ಹುಟ್ಟಿದ ಈ ಊರಿನಲ್ಲಿ, ಸಂವಿಧಾನದ 17ನೇ ವಿಧಿ ಜಾರಿಯಲ್ಲಿರುವ ಈ ದೇಶದಲ್ಲಿ, ಅಧಿಕಾರಿಗೂ ಕಾರ್ಯಕರ್ತೆಗೂ, ಎಲ್ಲ ಜಾತಿಯವರಿಗೂ ಒಂದೇ ಅಡುಗೆ, ಒಂದೇ ಪಂಕ್ತಿ ಇರಬೇಕು.

12. ಶಿಬಿರದ ಜಾಗವೂ ಅಲ್ಲಿಗೆ ಕರೆದೊಯ್ಯುವ ವಾಹನವೂ ಲೈಂಗಿಕ ಕಿರುಕುಳ ತಡೆ ಕಾಯ್ದೆ 2013ರ ಅಡಿ ಕೆಲಸದ ಸ್ಥಳವೇ ಆಗಿರುವುದರಿಂದ, ದೂರು ಸಮಿತಿಯ ಸದಸ್ಯರ ಹೆಸರು ಮತ್ತು ದೂರವಾಣಿ ಸಂಖ್ಯೆಯನ್ನು ಬಾಗಿಲಲ್ಲೇ ಅಂಟಿಸಬೇಕು.

ನಡೆಸಿಕೊಡುವವರು ಮತ್ತು ನಡೆಸುವ ಬಗೆ

13. ಶಿಬಿರ ನಡೆಸಿಕೊಡುವ ಸಂಪನ್ಮೂಲ ವ್ಯಕ್ತಿಯನ್ನು, ಅರ್ಧಕ್ಕೂ ಹೆಚ್ಚು ಮಹಿಳೆಯರಿರುವ ಮತ್ತು ದಲಿತ, ಸೋಲಿಗ ಬುಡಕಟ್ಟಿನ ಕಾರ್ಯಕರ್ತರ ಪ್ರಾತಿನಿಧ್ಯವಿರುವ ಸಮಿತಿಯೇ ಆರಿಸಬೇಕು.

14. ಆ ವ್ಯಕ್ತಿ ಆಡಳಿತ ಮಂಡಳಿಯ ಸದಸ್ಯನಾಗಲಿ, ಸದಸ್ಯರ ನಂಟನಾಗಲಿ, ನಮ್ಮ ಕೆಲಸಕ್ಕೆ ಅಂಕ ಹಾಕುವ ಅಧಿಕಾರಿಯಾಗಲಿ ಆಗಿರಬಾರದು.

15. ಕಾರ್ಯಸೂಚಿ ಬರೆಯುವ ಮುನ್ನ ಸಂಪನ್ಮೂಲ ವ್ಯಕ್ತಿ ಪ್ರತಿ ತಂಡದವರೊಡನೆ ಬೇರೆಬೇರೆಯಾಗಿ ಮಾತಾಡಿ, ನಾವು ಹೇಳಿದ ವಿಷಯಗಳನ್ನು ಸೇರಿಸಿದ ಕಾರ್ಯಸೂಚಿಯನ್ನು 15 ದಿನ ಮೊದಲೇ ನಮ್ಮ ಕೈಗೆ ಕೊಡಬೇಕು.

16. ಶಿಬಿರದ ಮಾತು, ಬರಹ, ನಮೂನೆಗಳೆಲ್ಲ ಕನ್ನಡದಲ್ಲಿರಬೇಕು ಮತ್ತು ತಮ್ಮ ಹಾಡಿಗಳಾದ ಪೋಡುಗಳಿಂದ ಬರುವ ಸೋಲಿಗ ಕಾರ್ಯಕರ್ತರಿಗೆ ಅವರ ನುಡಿಯಲ್ಲಿ ಮಾತಾಡುವ ಅವಕಾಶವಿರಬೇಕು.

17. ಎಲ್ಲರಿಗೂ ಬಾಯಿ ತೆರೆಯಲು ಸಮಯ ಸಿಗುವಂತೆ ಒಂದು ಶಿಬಿರಕ್ಕೆ 25ಕ್ಕಿಂತ ಹೆಚ್ಚು ಜನರನ್ನು ಸೇರಿಸಬಾರದು.

18. ಕಣ್ಣು ಮುಚ್ಚಿ ಹಿಂದಕ್ಕೆ ಬೀಳುವ, ಒಬ್ಬರನ್ನೊಬ್ಬರು ಮುಟ್ಟುವ, ಓಡುವ ಆಟಗಳನ್ನು ಯಾರ ಮೇಲೂ ಹೇರಬಾರದು ಮತ್ತು ಒಲ್ಲೆ ಎಂದವರಿಂದ ಕಾರಣ ಕೇಳಬಾರದು.

19. ಕಂಡ ಸಾವುಗಳನ್ನು ಒಂದೇ ಕೂಟದಲ್ಲಿ ಎಲ್ಲರ ಮುಂದೆ ಹೇಳಿಸುವ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಒಪ್ಪದಿರುವುದರಿಂದ, ಅಂಥ ಕೂಟಗಳನ್ನು ಕೈಬಿಟ್ಟು ಮಾನಸಿಕ ಪ್ರಥಮ ಚಿಕಿತ್ಸೆ ಕಲಿತವರನ್ನು ಕರೆಸಬೇಕು.

20. ಮೇಲ್ವಿಚಾರಕರು ಮತ್ತು ಅಧಿಕಾರಿಗಳು ಮೊದಲ ಗೋಷ್ಠಿ ಹಾಗೂ ಕೊನೆಯ ಗೋಷ್ಠಿಯಲ್ಲಷ್ಟೇ ಇರಬೇಕು, ನಡುವಿನ ಗೋಷ್ಠಿಗಳು ಕಾರ್ಯಕರ್ತರಿಗೇ ಮೀಸಲಾಗಿರಬೇಕು.

21. ಶಿಬಿರದಲ್ಲಿ ಆಡಿದ ಯಾವ ಮಾತನ್ನೂ ವರ್ಗಾವಣೆ, ಗುತ್ತಿಗೆ ನವೀಕರಣ ಅಥವಾ ನೋಟಿಸಿಗೆ ಆಧಾರ ಮಾಡಬಾರದೆಂದು ನೀವು ಮೊದಲ ದಿನವೇ ಸಹಿ ಮಾಡಿದ ಮುಚ್ಚಳಿಕೆ ಕೊಡಬೇಕು.

22. ಕಾರ್ಯಕರ್ತರ ಲಿಖಿತ ಒಪ್ಪಿಗೆಯಿಲ್ಲದೆ ಫೋಟೊ, ವಿಡಿಯೊ ತೆಗೆಯಬಾರದು ಮತ್ತು ದಾನಿಗಳ ವರದಿಗೆ ನಮ್ಮ ಕಣ್ಣೀರನ್ನು ಬಳಸಬಾರದು.

ಮನಸ್ಸಿನ ಆರೈಕೆ

23. ನಿಮ್ಹಾನ್ಸ್‌ನ ಬಳ್ಳಾರಿ ಪ್ರಯೋಗದ ಮಾದರಿಯಲ್ಲಿ 1996ರಿಂದ ದೇಶದಲ್ಲಿ ನಡೆಯುತ್ತಿರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಆಪ್ತಸಮಾಲೋಚಕರೊಬ್ಬರು ಶಿಬಿರದುದ್ದಕ್ಕೂ ಪ್ರತ್ಯೇಕ ಕೋಣೆಯಲ್ಲಿ ಲಭ್ಯವಿರಬೇಕು.

24. ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಗೋಡೆಗೆ ಅಂಟಿಸಿ ಕೈತೊಳೆದುಕೊಳ್ಳದೆ, ನೆರವು ಕೇಳಿದ ಕಾರ್ಯಕರ್ತರ ಚಿಕಿತ್ಸೆ ಮತ್ತು ಔಷಧದ ಖರ್ಚನ್ನು ಅವರನ್ನು ದುಡಿಸಿಕೊಳ್ಳುವ ಸಂಸ್ಥೆಯೇ ಭರಿಸಬೇಕು.

ಉತ್ತರದಾಯಿತ್ವ

25. ಕೊನೆಯ ಗೋಷ್ಠಿಗೆ ನಿರ್ಧಾರ ಕೈಗೊಳ್ಳುವ ಅಧಿಕಾರವಿರುವವರೇ ಬಂದು, ನಾವು ಎತ್ತಿದ ಪ್ರತಿ ವಿಷಯಕ್ಕೂ ಮಾಡುವ ಕ್ರಮ, ಮಾಡುವವರ ಹುದ್ದೆ, ಮುಗಿಸುವ ದಿನಾಂಕವನ್ನು ಹೇಳಬೇಕು.

26. ಶಿಬಿರದ ನಡಾವಳಿಯನ್ನು ಏಳು ದಿನಗಳೊಳಗೆ ಕನ್ನಡದಲ್ಲಿ ಎಲ್ಲರಿಗೂ ಕೊಟ್ಟು, 90 ದಿನಗಳ ಬಳಿಕ ಅದರ ಮೇಲೆ ಪರಿಶೀಲನಾ ಸಭೆ ಕರೆಯಬೇಕು.

27. ವಿಪತ್ತು ನಿರ್ವಹಣಾ ಕಾಯ್ದೆಯ ಕಲಂ 31ರಂತೆ ವರ್ಷಕ್ಕೊಮ್ಮೆ ಪರಿಷ್ಕರಿಸಬೇಕಾದ ಜಿಲ್ಲಾ ವಿಪತ್ತು ಯೋಜನೆಯಲ್ಲಿ ಈ ಶಿಬಿರಕ್ಕೂ ಕಾರ್ಯಕರ್ತರ ವಿಶ್ರಾಂತಿಗೂ ಪ್ರತ್ಯೇಕ ಅಧ್ಯಾಯ ಮತ್ತು ಹಣ ಇರಬೇಕು.

28. ಪೆಂಡಾಲ್, ಊಟ, ಸಂಪನ್ಮೂಲ ವ್ಯಕ್ತಿಯ ಸಂಭಾವನೆ ಸೇರಿದಂತೆ ಶಿಬಿರದ ಪೂರ್ತಿ ಖರ್ಚನ್ನು ಮಾಹಿತಿ ಹಕ್ಕು ಕಾಯ್ದೆಯ ಕಲಂ 4ರ ಆಶಯದಂತೆ ನಾವು ಅರ್ಜಿ ಹಾಕುವ ಮೊದಲೇ ಸೂಚನಾ ಫಲಕದಲ್ಲಿ ಪ್ರಕಟಿಸಬೇಕು.

29. 2003ರಲ್ಲಿ ಬಾಗ್ದಾದಿನ ವಿಶ್ವಸಂಸ್ಥೆ ಕಚೇರಿಯ ಮೇಲಿನ ದಾಳಿಯಲ್ಲಿ ಸತ್ತ 22 ಜನರ ನೆನಪಿಗೆ ಆಚರಿಸುವ ಆಗಸ್ಟ್ 19ರ ವಿಶ್ವ ಮಾನವೀಯ ದಿನಕ್ಕೆ ಶಾಲು ಹೊದಿಸುವ ಸಮಾರಂಭ ಬಿಟ್ಟು, ಮೇಲಿನ ಷರತ್ತುಗಳಂತೆ ಮೊದಲ ಶಿಬಿರವನ್ನು ಆ ದಿನದೊಳಗೆ ಹರದನಹಳ್ಳಿಯಲ್ಲಿ ನಡೆಸಬೇಕು.

ಮಾನ್ಯರೇ, ಈ ಬೇಡಿಕೆಗಳನ್ನು ಈಡೇರಿಸಲು ಹೊಸ ಕಾನೂನು ಬೇಕಿಲ್ಲ. ಇರುವ ಕಾಯ್ದೆಗಳನ್ನು ಓದಿ ಸಹಿ ಹಾಕುವ ಅಧಿಕಾರಿ ಸಾಕು. ಅನುದಾನದ ಕೊರತೆಯ ಮಾತು ಬಂದರೆ ಹಿಂದಿನ ಶಿಬಿರಗಳ ಉದ್ಘಾಟನೆ, ಬ್ಯಾನರ್, ಹಾರ-ತುರಾಯಿಗಳ ಲೆಕ್ಕವನ್ನು ಮೊದಲು ಮುಂದಿಡಿ; ಮಾತುಕತೆ ಅಲ್ಲಿಂದ ಶುರುವಾಗಲಿ.

ಈ ಪತ್ರ ತಲುಪಿದ 30 ದಿನಗಳೊಳಗೆ ಪ್ರತಿ ಬೇಡಿಕೆಗೂ ಅದರ ಕ್ರಮಸಂಖ್ಯೆ ನಮೂದಿಸಿ, ಒಪ್ಪಿದ್ದೀರೋ ಇಲ್ಲವೋ, ಒಪ್ಪದಿದ್ದರೆ ಏಕೆ ಎಂಬುದನ್ನು ಹೊಣೆ ಹೊತ್ತ ಅಧಿಕಾರಿಯ ಸಹಿಯೊಂದಿಗೆ ಬರೆದು ತಿಳಿಸಬೇಕು. ಅಲ್ಲಿಯವರೆಗೆ ಪ್ರವಾಹ, ಬೆಂಕಿ, ರೋಗ ಯಾವುದೇ ಬರಲಿ, ಜನರ ಕೆಲಸವನ್ನು ಒಂದು ದಿನವೂ ನಿಲ್ಲಿಸುವುದಿಲ್ಲ. ಆದರೆ ಫೋಟೊಗಾಗಿ ಕರೆಯುವ ಯಾವ ಶಿಬಿರಕ್ಕೂ ಹಾಜರಾಗುವುದಿಲ್ಲ. ಗಡುವು ಮೀರಿದರೆ ಇದೇ ಪತ್ರವನ್ನು ಎರಡೂ ತಾಲ್ಲೂಕುಗಳ ಗ್ರಾಮಸಭೆಗಳಲ್ಲಿ ಓದಿ, ಉತ್ತರ ಬಾರದ ಬೇಡಿಕೆಗಳ ಪಟ್ಟಿಯನ್ನು ಜನರ ಮುಂದಿಡುತ್ತೇವೆ.