ಹೇಳಲು ನಾಚಿಕೆ, ಕೇಳಲು ಇಂಗ್ಲಿಷ್!



ರೋಣ, ನರಗುಂದ, ಗಜೇಂದ್ರಗಡದ ಯಾವ ಹಳ್ಳಿಯ ಕಟ್ಟೆಯ ಮೇಲೆ ಕುಳಿತರೂ ಮೊಣಕಾಲು ನೋವಿನ ಮಾತು ಬರುತ್ತದೆ, ಸಕ್ಕರೆ ಕಾಯಿಲೆಯ ಮಾತು ಬರುತ್ತದೆ, ಬಿ.ಪಿ.ಯ ಮಾತು ಬರುತ್ತದೆ. ಉಚ್ಚೆಯ ಮಾತು ಮಾತ್ರ ಬರುವುದಿಲ್ಲ. ರಾತ್ರಿ ನಾಲ್ಕು ಸಲ ಎದ್ದು ಹೋಗುವ ಹಿರಿಯರು "ವಯಸ್ಸಾತು ಬಿಡ್ರಿ" ಎನ್ನುತ್ತಾರೆ. ಕೆಮ್ಮಿದರೆ ಸೀರೆ ಹಸಿಯಾಗುವ ತಾಯಿ ಯಾರಿಗೂ ಹೇಳುವುದೇ ಇಲ್ಲ. ಉರಿಮೂತ್ರವಾದರೆ "ಉಷ್ಣ ಆಗೇತಿ" ಎಂದು ಕೊತ್ತಂಬರಿ ನೀರು ಕುಡಿದು ಸುಮ್ಮನಾಗುತ್ತೇವೆ.

ಇಷ್ಟು ನಾಚಿಕೆಯನ್ನು ನುಂಗಿಕೊಂಡು ಕೊನೆಗೊಮ್ಮೆ ದವಾಖಾನೆಯ ಮೆಟ್ಟಿಲು ಹತ್ತಿದರೆ ಅಲ್ಲಿ ಎದುರಾಗುವುದೇನು? ಇಂಗ್ಲಿಷ್!

ನಾನು ಪ್ರೆಸ್ ನಡೆಸುವವನು. ಲಗ್ನಪತ್ರಿಕೆ, ರಶೀದಿ ಪುಸ್ತಕಗಳ ಜೊತೆ ದವಾಖಾನೆಯ ಕಾಗದಗಳೂ ನನ್ನಲ್ಲಿಗೆ ಅಚ್ಚಿಗೆ ಬರುತ್ತವೆ. ಒಂದು ದವಾಖಾನೆಯವರು, ಹೆಸರು ಬೇಡ, ಮೂತ್ರದ ತೊಂದರೆ ಕೇಳುವ ಪ್ರಶ್ನೆಗಳ ಹಾಳೆ ಕೊಟ್ಟರು. ಅದರಲ್ಲಿ ಒಂದಕ್ಷರ ಕನ್ನಡವಿಲ್ಲ. "ಹಿಂದಿನ ಮಗ್ಗುಲಿಗೆ ಕನ್ನಡದಾಗ ಹಾಕ್ಲೇನ್ರಿ?" ಎಂದೆ. "ಬ್ಯಾಡ್ರಿ, ಓದೋರು ಯಾರದಾರ?" ಎಂದರು. ಓದುವವರೇ ಇಲ್ಲವೆಂದರೆ ಆ ಹಾಳೆ ಯಾರಿಗಾಗಿ ಸ್ವಾಮಿ?

ಆ ಹಾಳೆ ಸಾಮಾನ್ಯದ್ದಲ್ಲ. ಅಮೆರಿಕದ ಮೂತ್ರರೋಗ ತಜ್ಞರ ಸಂಘ 1992ರಲ್ಲಿ ಹೊರತಂದ ಏಳು ಪ್ರಶ್ನೆಗಳೇ ಅದರ ಬುಡ. ಒಂದೊಂದಕ್ಕೆ 0ಯಿಂದ 5 ಅಂಕ, ಒಟ್ಟು 35. 7ರವರೆಗೆ ತೊಂದರೆ ಸಣ್ಣದು, 8ರಿಂದ 19 ಮಧ್ಯಮ, 20 ಮತ್ತು ಅದರ ಮೇಲೆ ತೀವ್ರ. ಸುಮ್ಮನೆ ಕಾಯಬೇಕೋ, ಗುಳಿಗೆ ಕೊಡಬೇಕೋ, ಆಪರೇಷನ್ ಮಾತಾಡಬೇಕೋ ಎಂದು ಡಾಕ್ಟರರು ತೀರ್ಮಾನಿಸುವಾಗ ಬೇರೆ ಪರೀಕ್ಷೆಗಳ ಜೊತೆ ಈ ಅಂಕವನ್ನೂ ನೋಡುತ್ತಾರೆ. ರಕ್ತವನ್ನು ಯಂತ್ರ ಪರೀಕ್ಷೆ ಮಾಡುತ್ತದೆ. ಇಲ್ಲಿ ಪರೀಕ್ಷೆ ಮಾಡುವುದು ಮಾತು. ಮಾತು ತಿಳಿಯದಿದ್ದರೆ ಅಂಕ ತಪ್ಪು, ಅಂಕ ತಪ್ಪಿದರೆ ಔಷಧಿಯೂ ತಪ್ಪು!

ಕನ್ನಡದಲ್ಲಿ ಕೇಳಲು ಏನು ಕಷ್ಟ? ಹೋಗಿ ಬಂದ ಮ್ಯಾಲೂ ಇನ್ನೂ ಉಳದೈತಿ ಅನಸ್ತೈತೇನ್ರಿ? ಎರಡು ತಾಸಿನೊಳಗ ಮತ್ತ ಹೋಗಬೇಕಾಗ್ತೈತೇನು? ನಿಂತು ನಿಂತು ಬರ್ತೈತೇನು? ಬಂತಂದ್ರ ತಡಕೊಳ್ಳಾಕ ಆಗಂಗಿಲ್ಲೇನು? ಧಾರಿ ಸಣ್ಣ ಆಗೇತೇನು? ತಿಣುಕಬೇಕಾಗ್ತೈತೇನು? ರಾತ್ರಿ ಎಷ್ಟು ಸಲ ಏಳ್ತೀರಿ? ಮುಗಿಯಿತಲ್ಲ! ಇದಕ್ಕೆ ಪಂಡಿತರ ಸಮಿತಿ ಬೇಕೇ? 'ಮೂತ್ರ ವಿಸರ್ಜನಾ ತ್ವರೆ' ಎಂದು ಬರೆದರೆ ಅದೂ ನಮ್ಮವರಿಗೆ ಇಂಗ್ಲಿಷೇ. ಬೇಕಾಗಿರುವುದು ಕಚೇರಿಯ ಕನ್ನಡವಲ್ಲ, ಅಡುಗೆಮನೆಯ ಕನ್ನಡ.

ಗಂಡಸರೇ ಕೇಳಿ. ಮೂತ್ರಚೀಲದ ಕೆಳಗೆ ಪ್ರಾಸ್ಟೇಟ್ ಎಂಬ ಗ್ರಂಥಿಯಿದೆ. ಐವತ್ತು ದಾಟಿದ ಮೇಲೆ ಬಹಳ ಮಂದಿಗೆ ಅದು ದಪ್ಪವಾಗಿ ಮೂತ್ರನಾಳವನ್ನು ಒತ್ತುತ್ತದೆ. ಈ ಊತ ಕ್ಯಾನ್ಸರ್ ಅಲ್ಲ. ಆದರೆ ಕ್ಯಾನ್ಸರ್ ಇದೆಯೋ ಇಲ್ಲವೋ ಎಂದು ಡಾಕ್ಟರರೇ ನೋಡಿ ಹೇಳಬೇಕು. ಸುಮ್ಮನೆ ಕುಳಿತರೆ ಒಂದು ರಾತ್ರಿ ಉಚ್ಚೆ ಪೂರ್ತಿ ಕಟ್ಟಿ ಹೊಟ್ಟೆ ಹಿಡಿದುಕೊಂಡು ಓಡಬೇಕಾದೀತು. ನೆಗಡಿಗೆಂದು ಅಂಗಡಿಯಿಂದ ತಂದು ನುಂಗಿದ ಗುಳಿಗೆಯಿಂದಲೂ ಹೀಗಾಗುವುದುಂಟು. ಇದಕ್ಕೆ ಕೊಡುವ ಟ್ಯಾಮ್ಸುಲೋಸಿನ್ ಗುಳಿಗೆ ಒಳ್ಳೆಯದೇ. ಆದರೆ ಕೆಲವರಿಗೆ ಥಟ್ಟನೆ ಎದ್ದು ನಿಂತರೆ ತಲೆ ತಿರುಗುತ್ತದೆ. 'ನಿಧಾನ ಏಳ್ರಿ ಯಜ್ಜಾ' ಎಂಬ ಒಂದು ಮಾತನ್ನು ಕನ್ನಡದಲ್ಲಿ ಹೇಳದಿದ್ದರೆ ಕತ್ತಲಲ್ಲಿ ಬಿದ್ದು ಸೊಂಟ ಮುರಿದುಕೊಳ್ಳುವವರು ಯಾರು?

ತಾಯಂದಿರ ಪಾಡು ಇನ್ನೂ ಕಷ್ಟ. ಆ ಏಳು ಪ್ರಶ್ನೆ ಹುಟ್ಟಿದ್ದೇ ಗಂಡಸರ ಪ್ರಾಸ್ಟೇಟಿಗಾಗಿ. ಉರಿಯುತ್ತದೆಯೇ, ಕೆಮ್ಮಿದಾಗ ಸೋರುತ್ತದೆಯೇ ಎಂಬ ಪ್ರಶ್ನೆಯೇ ಅದರಲ್ಲಿಲ್ಲ! ಹೆಂಗಸರ ಮೂತ್ರನಾಳ ಸುಮಾರು 4 ಸೆಂ.ಮೀ. ಉದ್ದ ಮಾತ್ರ, ಹಾಗಾಗಿ ಸೋಂಕು ಬೇಗ ಏರುತ್ತದೆ. ಅರ್ಧದಷ್ಟು ಹೆಂಗಸರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಈ ಸೋಂಕು ಬರುತ್ತದೆ. ನಮ್ಮ ನರಗುಂದ, ರೋಣದ ಎರೆಹೊಲ ನೋಡಿ, ಕಣ್ಣು ಹಾಯುವಷ್ಟು ದೂರ ಬಯಲು, ಮರೆಗೆ ಒಂದು ಗಿಡವಿಲ್ಲ. ಕಳೆ ತೆಗೆಯಲು ಹೋದ ಹೆಣ್ಣುಮಕ್ಕಳು ಮುಂಜಾನೆಯಿಂದ ನೀರು ಕುಡಿಯದೆ, ತಡೆದುಕೊಂಡು, ಹೊತ್ತು ಮುಳುಗಲಿ ಎಂದು ಕಾಯುತ್ತಾರೆ. ಮನೆಗೆ ಪಾಯಖಾನೆ ಬಂತು, ಹೊಲಕ್ಕೆ ಬರಲಿಲ್ಲ. ಇದಕ್ಕೆ 'ಉಷ್ಣ' ಎಂದು ಹೆಸರಿಟ್ಟರೆ ಆಯಿತೇ?

ಹೆರಿಗೆಯ ನಂತರ ಸೋರುವ ತೊಂದರೆಗೆ ಅಮೆರಿಕದ ಡಾಕ್ಟರ್ ಆರ್ನಲ್ಡ್ ಕೆಗೆಲ್ 1948ರಲ್ಲೇ ವ್ಯಾಯಾಮ ಹೇಳಿಕೊಟ್ಟರು. ಉಚ್ಚೆ ತಡೆಯುವಾಗ ಬಿಗಿಯುವ ಸ್ನಾಯುಗಳನ್ನೇ ಬಿಗಿದು ಬಿಡುವುದು, ದಿನಾ, ತಿಂಗಳುಗಟ್ಟಲೆ. ಖರ್ಚು ಒಂದು ಪೈಸೆಯಿಲ್ಲ. ಬೇಕಾಗಿರುವುದು ಸರಿಯಾಗಿ ತಿಳಿಸಿ ಹೇಳುವ ಒಂದು ಬಾಯಿ. ಆ ಬಾಯಿ ಕನ್ನಡ ಆಡದಿದ್ದರೆ ಪುಕ್ಕಟೆ ಔಷಧಿಯೂ ದಕ್ಕುವುದಿಲ್ಲ.

ಗಂಡಾಗಲಿ ಹೆಣ್ಣಾಗಲಿ, ಉಚ್ಚೆಯಲ್ಲಿ ರಕ್ತ ಕಂಡರೆ, ಉರಿಯ ಜೊತೆ ಚಳಿಜ್ವರ ಬಂದರೆ, ಉಚ್ಚೆ ಕಟ್ಟಿದರೆ ಒಂದು ದಿನವೂ ಕಾಯಬೇಡಿ. ಪದೇಪದೇ ಹೋಗುವಂತಾದರೆ ಸಕ್ಕರೆಯನ್ನೂ ಪರೀಕ್ಷೆ ಮಾಡಿಸಿ.

ಹೊರಗಿನಿಂದ ಬಂದ ಡಾಕ್ಟರರ ಮೇಲೆ ನಮಗೆ ಸಿಟ್ಟಿಲ್ಲ. ನಮ್ಮ ಊರಿಗೆ ಬಂದು ದುಡಿಯುವವರು ನಮ್ಮವರೇ. ಆದರೆ ಮಗನನ್ನು ನಡುವೆ ನಿಲ್ಲಿಸಿಕೊಂಡು ತಾಯಿಯ ಗುಪ್ತ ತೊಂದರೆ ಕೇಳಿದರೆ ಆಕೆ ಏನು ಹೇಳಿಯಾಳು? "ಏನಿಲ್ರಿ ಸಾಹೇಬ್ರ" ಎಂದು ಎದ್ದು ಬರುತ್ತಾಳೆ. ರೋಗಿಗೆ ಸಾಕಷ್ಟು ತಿಳಿಸಿ ಪಡೆದ ಒಪ್ಪಿಗೆಯೇ ಒಪ್ಪಿಗೆ ಎಂದು ಸುಪ್ರೀಂ ಕೋರ್ಟು 2008ರಲ್ಲೇ ಹೇಳಿದೆ. ಓದಲು ಬಾರದ ಇಂಗ್ಲಿಷ್ ಹಾಳೆಯ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಯಾವ ಒಪ್ಪಿಗೆ? 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆಯವರು ಸರ್ಕಾರಿ ಡಾಕ್ಟರರು ಔಷಧಿ ಚೀಟಿಯನ್ನು ಕನ್ನಡದಲ್ಲಿ ಬರೆಯಲಿ ಎಂದು ಆರೋಗ್ಯ ಮಂತ್ರಿಗಳಿಗೆ ಪತ್ರ ಬರೆದರು. ಕೆಲವು ಡಾಕ್ಟರರು ಬರೆದೂ ತೋರಿಸಿದರು. ಮನಸ್ಸಿದ್ದರೆ ಆಗುತ್ತದೆ!

ನಮ್ಮ ಬೇಡಿಕೆ ಮೂರೇ ಮೂರು.

ಒಂದು: ಮೂರೂ ತಾಲೂಕಿನ ಸರ್ಕಾರಿ ದವಾಖಾನೆಗಳಲ್ಲಿ, ಗದಗಿನ ಜಿಮ್ಸ್‌ನಲ್ಲಿ ಪ್ರಶ್ನೆ ಹಾಳೆ ಮತ್ತು ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ. ಹೆಣ್ಣುಮಕ್ಕಳಿಗೆ ಅವರದೇ ಹಾಳೆ ಇರಲಿ.

ಎರಡು: ಓದು ಬಾರದವರಿಗೆ ಸಿಸ್ಟರ್ ಅಥವಾ ಆಶಾ ಕಾರ್ಯಕರ್ತೆ ಮರೆಯಲ್ಲಿ ಕೂಡ್ರಿಸಿ ಓದಿ ಹೇಳಲಿ. ಮಕ್ಕಳು, ಸೊಸೆಯಂದಿರು ಹೊರಗಿರಲಿ.

ಮೂರು: ಕೂಲಿ ಕೆಲಸ ನಡೆಯುವ ಕಡೆ ಹೆಣ್ಣುಮಕ್ಕಳಿಗೆ ಒಂದು ಮರೆ, ಒಂದು ಕೊಡ ಕುಡಿಯುವ ನೀರು ಇರಲಿ.

ಇಂಥ ಹಾಳೆಯ ಅಕ್ಷರ ಜೋಡಣೆಗೆ ನಾನು ಕೂಲಿ ತೆಗೆದುಕೊಳ್ಳುವುದಿಲ್ಲ. ಪ್ರೂಫನ್ನು ಡಾಕ್ಟರರು ಒಮ್ಮೆ ನೋಡಲಿ, ಊರಿನ ನಾಲ್ಕು ಹಿರಿಯರು, ನಾಲ್ಕು ತಾಯಂದಿರು ಒಮ್ಮೆ ಕೇಳಲಿ. ಎಲ್ಲರಿಗೂ ತಿಳಿಯಿತು ಎಂದ ಮೇಲೆಯೇ ಅಚ್ಚು ಹಾಕೋಣ.