ಎರಡನೆಯ ಕುರ್ಚಿಯ ತೂಕ

ಅಮೆರಿಕದಲ್ಲಿ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸುವವರು ಉಪಾಧ್ಯಕ್ಷ ಅಭ್ಯರ್ಥಿಯನ್ನು ತಾವೇ ಆರಿಸುತ್ತಾರೆ. ತಮಗೆ ಮತ ದೊರೆಯದ ಪ್ರಾಂತ್ಯ ಯಾವುದು, ಮುನಿಸಿಕೊಂಡಿರುವ ವರ್ಗ ಯಾವುದು ಎಂಬ ಲೆಕ್ಕಾಚಾರವೇ ಅಲ್ಲಿ ಮುಖ್ಯವಾಗುತ್ತದೆ. 1960ರಲ್ಲಿ ಕ್ಯಾಥೊಲಿಕರಾದ ಕೆನಡಿಯವರು ದಕ್ಷಿಣದ ಮತಗಳನ್ನು ಲಕ್ಷ್ಯದಲ್ಲಿಟ್ಟು ಟೆಕ್ಸಾಸಿನ ಲಿಂಡನ್ ಜಾನ್ಸನ್‌ರನ್ನು ಆರಿಸಿದರು. 1963ರ ನವೆಂಬರಿನಲ್ಲಿ ಕೆನಡಿ ಹತ್ಯೆಗೀಡಾದಾಗ, ಮತಕ್ಕಾಗಿ ಬಂದವರ ಕೈಗೆ ದೇಶವೇ ಬಂತು. 1964ರಲ್ಲಿ ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಹಾಕಿದವರೂ ಅವರೇ, ವಿಯೆಟ್ನಾಂ ಯುದ್ಧವನ್ನು ವಿಸ್ತರಿಸಿದವರೂ ಅವರೇ.

ನಮ್ಮಲ್ಲಿ ಉಪರಾಷ್ಟ್ರಪತಿಯನ್ನು ರಾಷ್ಟ್ರಪತಿ ಆರಿಸುವುದಿಲ್ಲ. ಎರಡೂ ಹುದ್ದೆಗಳಿಗೆ ಪ್ರತ್ಯೇಕ ಚುನಾವಣೆಯಿದೆ. ಆದರೆ ಪಕ್ಷದ ವರಿಷ್ಠರ ಲೆಕ್ಕ ಬೇರೆಯೇನಲ್ಲ. 1974ರ ಆಗಸ್ಟ್‌ನಲ್ಲಿ ಫಕ್ರುದ್ದೀನ್ ಅಲಿ ಅಹ್ಮದ್ ರಾಷ್ಟ್ರಪತಿಯಾದರು. ಅದೇ ತಿಂಗಳು ಜಮಖಂಡಿ ಸೀಮೆಯ ಬಿ.ಡಿ. ಜತ್ತಿ ಉಪರಾಷ್ಟ್ರಪತಿಯಾದರು. 1977ರ ಫೆಬ್ರವರಿ 11ರಂದು ಅಹ್ಮದ್ ನಿಧನರಾದಾಗ ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು. ತುರ್ತು ಪರಿಸ್ಥಿತಿ ಕೊನೆಗೊಂಡದ್ದೂ ಮೊರಾರ್ಜಿ ದೇಸಾಯಿ ಪ್ರಮಾಣ ವಚನ ಸ್ವೀಕರಿಸಿದ್ದೂ ಅವರ ಕಾಲದಲ್ಲಿಯೇ. ಒಂಬತ್ತು ವಿಧಾನಸಭೆಗಳ ವಿಸರ್ಜನೆಯ ಕಡತ ಬಂದಾಗ ಅವರು ಮೊದಲು ಹಿಂಜರಿದು, ಬಳಿಕ ಸಹಿ ಹಾಕಿದರು. ಅಲಂಕಾರದ್ದೆಂದು ಭಾವಿಸಲಾದ ಕುರ್ಚಿಯ ಮೇಲೆ ದೇಶದ ಭಾರ ಬಿದ್ದ ದಿನಗಳವು.

ಈ ಪಾಠ ದಿಲ್ಲಿಗಷ್ಟೇ ಸೀಮಿತವಲ್ಲ. ರಾಣೆಬೆನ್ನೂರು ತಾಲೂಕಿನ ಕುಪ್ಪೇಲೂರಿನಂತಹ ಊರುಗಳಲ್ಲೂ ಪಂಚಾಯಿತಿ ಅಧ್ಯಕ್ಷರ ಗೈರುಹಾಜರಿಯಲ್ಲಿ ಉಪಾಧ್ಯಕ್ಷರೇ ಹೊಣೆ ಹೊರಬೇಕು. ಹಾಗಿದ್ದೂ "ಅವರ ಓಣಿಗೂ ಒಂದು ಸ್ಥಾನವಿರಲಿ" ಎಂಬ ಸಮಾಧಾನಕ್ಕೆ ಆ ಸ್ಥಾನವನ್ನು ಹಂಚುವುದು ಎಲ್ಲೆಡೆ ರೂಢಿಯಾಗಿದೆ. ನಮ್ಮ ಅಂಜುಮನ್‌ಗಳೂ ಜಮಾಅತ್ ಸಮಿತಿಗಳೂ ಇದಕ್ಕೆ ಹೊರತೇ? ಮನೆತನ ನೋಡಿ, ದೇಣಿಗೆ ನೋಡಿ ಉಪಾಧ್ಯಕ್ಷರನ್ನು ನೇಮಿಸುವ ನಾವು, ಲೆಕ್ಕಪತ್ರ ಓದಬಲ್ಲ ಯುವಕನನ್ನು ಚಪ್ಪಲಿ ಬಿಡುವ ಜಾಗದಲ್ಲೇ ನಿಲ್ಲಿಸುತ್ತೇವೆ.

ಪ್ರವಾದಿ ಮೂಸಾ(ಅ)ರನ್ನು ಫಿರ್‌ಔನನ ಬಳಿಗೆ ಕಳುಹಿಸಿದಾಗ ಅವರು ಅಲ್ಲಾಹನಲ್ಲಿ ಸಹಾಯಕನೊಬ್ಬನನ್ನು ಬೇಡಿದರು. ಕೇಳಿದ್ದು ತಮ್ಮ ಸಹೋದರ ಹಾರೂನ್(ಅ)ರನ್ನೇ. ಆದರೆ ಅದಕ್ಕೆ ಅವರು ನೀಡಿದ ಕಾರಣವನ್ನು ಪವಿತ್ರ ಕುರ್‌ಆನ್ ದಾಖಲಿಸಿದೆ: ಹಾರೂನ್ ತಮಗಿಂತ ನಿರರ್ಗಳವಾಗಿ ಮಾತನಾಡಬಲ್ಲರು. ತನ್ನ ಕೊರತೆಯನ್ನು ಅರಿತು, ಅದನ್ನು ತುಂಬಬಲ್ಲವನನ್ನು ಕೇಳುವುದೇ ನಾಯಕತ್ವ. ತನಗಿಂತ ಮಿಗಿಲಾದವನನ್ನು ಪಕ್ಕದಲ್ಲಿ ಕೂರಿಸಲು ಅಂಜುವವನು ನಾಯಕನಲ್ಲ.

2023ರ ಮೇ ತಿಂಗಳಿನಲ್ಲಿ ಉಪಮುಖ್ಯಮಂತ್ರಿ ಹುದ್ದೆ ಮುಸ್ಲಿಮರಿಗೆ ಸಿಗಬೇಕೆಂಬ ಬೇಡಿಕೆ ಎದ್ದಿತ್ತು. ಪ್ರಾತಿನಿಧ್ಯ ಕೇಳುವುದು ತಪ್ಪಲ್ಲ, ಅದು ಹಕ್ಕು. ಆದರೆ ಸಂವಿಧಾನದಲ್ಲಿ ಹೆಸರೇ ಇಲ್ಲದ ಆ ಹುದ್ದೆಯನ್ನು ಕೇಳುವ ಮುನ್ನ ಒಂದು ಪ್ರಶ್ನೆಗೆ ಉತ್ತರಿಸಬೇಕಿತ್ತು: ಮೊದಲ ಕುರ್ಚಿ ಬರಿದಾದ ದಿನ ಇಡೀ ನಾಡಿನ ಭಾರ ಹೊರಬಲ್ಲವರನ್ನು ನಾವು ಬೆಳೆಸಿದ್ದೇವೆಯೇ? ಸ್ಥಾನವು ಅಮಾನತು. ಅದನ್ನು ಅರ್ಹರಿಗೆ ಒಪ್ಪಿಸಬೇಕೆಂಬುದು ಅಲ್ಲಾಹನ ಆದೇಶ. ಆ ಅರ್ಹತೆಯ ಶೋಧವು ನಮ್ಮ ಮಸೀದಿಯ ಮುಂದಿನ ಸಮಿತಿಯಿಂದಲೇ ಆರಂಭವಾಗಲಿ.